ಸಂಕದ ಮೇಲಿನ ಆಸ್ಪತ್ರೆ

ಮಳೆಗಾಲದಲ್ಲಿ ಕುಂದಾಪುರ ಸೀಮೆಯ ಉಪ್ಪುಂದದ ಸುತ್ತಮುತ್ತ ನಡೆದಾಡಿದವರಿಗೆ ‘ಸಂಕ’ ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟ, ನಡುವಿನ ಕಿರಿದಾದ ಪಟ್ಟಿಯಲ್ಲಿ ಲೆಕ್ಕವಿಲ್ಲದಷ್ಟು ತೋಡು, ಹಳ್ಳ, ಹೊಳೆ. ಬೇಸಿಗೆಯಲ್ಲಿ ಮಕ್ಕಳು ಹಾರಿ ದಾಟುವ ತೋಡು ಜೂನ್ ಹೊಕ್ಕಿತೆಂದರೆ ಎದೆಮಟ್ಟ ತುಂಬಿ ಕೆಂಪಗೆ ಹರಿಯುತ್ತದೆ. ಆಗ ಎರಡು ಅಡಿಕೆಮರವನ್ನೋ ಒಂದು ತೆಂಗಿನ ಬೊಡ್ಡೆಯನ್ನೋ ದಡದಿಂದ ದಡಕ್ಕೆ ಅಡ್ಡ ಹಾಕಿ, ಕೈಯಾಸರೆಗೆ ಒಂದು ಬಿದಿರು ಕಟ್ಟಿದರೆ ಅದೇ ಕಾಲುಸಂಕ. ಶಾಲೆಗೆ ಹೋಗುವ ಮಗು, ಹಾಲಿನ ಕ್ಯಾನು ಹಿಡಿದ ಹೆಂಗಸು, ಚಾಪೆಯ ಮೇಲೆ ಮಲಗಿಸಿ ಹೊತ್ತು ತರುವ ಕಾಯಿಲೆಯವರು, ಎಲ್ಲರಿಗೂ ಅದೊಂದೇ ದಾರಿ. “ಸಂಕದ್ ಮೇಲ್ ಹ್ವಾಪತಿಗೆ ಕೆಳ್ಗ್ ಕಾಣ್ಬೇಡ, ಮುಂದ್ ಕಾಣ್” ಎಂದು ನಮ್ಮ ಕಡೆಯ ಹಿರಿಯರು ಮಕ್ಕಳ ಕೈ ಹಿಡಿದು ಹೇಳುತ್ತಾರೆ.

ಈ ಸಣ್ಣ ಪದ ಒಂದು ದೊಡ್ಡ ಪದದೊಳಗೆ ಅಡಗಿ ಕೂತಿದೆ ಎಂಬುದು ಹೊಳೆದ ದಿನದಿಂದ ಅದು ನನ್ನ ಬೆನ್ನು ಬಿಟ್ಟಿಲ್ಲ. ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿ, ಬೆಂಗಳೂರಿನ ಹಳೇ ಮದ್ರಾಸ್ ರಸ್ತೆಯಲ್ಲಿ ಒಂದೇ ಹೆಸರಿನ ಎರಡು ಸರಕಾರಿ ಆಸ್ಪತ್ರೆಗಳಿವೆ: ‘ಸಾಂಕ್ರಾಮಿಕ ರೋಗಗಳ ಆಸ್ಪತ್ರೆ’. ಕಾಲರಾ, ವಾಂತಿಭೇದಿ ಎಂದು ಬಂದವರಿಗೆ ತಲೆಮಾರುಗಳಿಂದ ಬಾಗಿಲು ತೆರೆದಿಟ್ಟ ಮನೆಗಳು ಇವು. ಬೆಂಗಳೂರಿನವರು ತಮ್ಮ ಊರಿನದನ್ನು ‘ಐಸೋಲೇಷನ್ ಆಸ್ಪತ್ರೆ’ ಎಂದೇ ಕರೆಯುವುದು ರೂಢಿ. ಐಸೋಲೇಷನ್ ಎಂದರೆ ಬೇರೆ ಇಡುವುದು, ನಂಟು ಕಡಿಯುವುದು. ಆದರೆ ಫಲಕದ ಮೇಲಿನ ‘ಸಾಂಕ್ರಾಮಿಕ’ ಎಂಬ ಪದದ ಹೊಟ್ಟೆಯಲ್ಲಿ ಇರುವುದು ಕಡಿಯುವ ಮಾತಲ್ಲ, ಸೇರಿಸುವ ಮಾತು. ಅದರೊಳಗೆ ಒಂದು ಸೇತುವೆ ಇದೆ. ನಮ್ಮ ತೋಡಿನ ಮೇಲೆ ಮಲಗಿರುವ ಅದೇ ಸಂಕ.

ಸಂಸ್ಕೃತದ ‘ಕ್ರಮ್’ ಧಾತುವಿಗೆ ಹೆಜ್ಜೆ ಇಡು ಎಂದು ಅರ್ಥ. ಕ್ರಮ, ವಿಕ್ರಮ, ಪರಾಕ್ರಮ, ಆಕ್ರಮಣ, ಅತಿಕ್ರಮ, ಉಪಕ್ರಮ ಎಲ್ಲವೂ ಆ ಹೆಜ್ಜೆಯ ಮಕ್ಕಳೇ. ಮೂರು ಹೆಜ್ಜೆಯಲ್ಲಿ ಲೋಕ ಅಳೆದ ವಾಮನ ತ್ರಿವಿಕ್ರಮನಾದದ್ದೂ ಇದರಿಂದ. ಇದಕ್ಕೆ ‘ಸಂ’ ಸೇರಿದರೆ ‘ಸಂಕ್ರಮ’, ಅಂದರೆ ಒಂದೆಡೆಯಿಂದ ಇನ್ನೊಂದೆಡೆಗೆ ಹಾಯುವುದು. ಹಾಯುವ ಕ್ರಿಯೆಗೆ ಇದ್ದ ಹೆಸರು ಹಾಯಿಸುವ ವಸ್ತುವಿಗೂ ಅಂಟಿಕೊಂಡಿತು. ಸಂಸ್ಕೃತದಲ್ಲಿ ಸಂಕ್ರಮ ಎಂದರೆ ಸೇತುವೆಯೂ ಹೌದು, ನೀರಿಗೆ ಇಳಿಯುವ ಮೆಟ್ಟಿಲೂ ಹೌದು. ಪ್ರಾಕೃತದ ನಾಲಗೆಯಲ್ಲಿ ಅದು ‘ಸಂಕಮ’ವಾಗಿ ಸವೆಯಿತು. ಕರಾವಳಿಗೆ ಬಂದಾಗ ಕೊನೆಯ ಅಕ್ಷರವೂ ಉದುರಿ ‘ಸಂಕ’ ಉಳಿಯಿತು. ನಮ್ಮ ಪಕ್ಕದ ಮನೆಯ ಕೊಂಕಣಿಯಲ್ಲಿ ಸೇತುವೆಗಿರುವ ‘ಸಾಂಕೊ’ ಇದರ ತಂಗಿ. ಸಂಸ್ಕೃತದ ಮೂಲಪದ ಗ್ರಂಥದೊಳಗೆ ಉಳಿಯಿತು, ತದ್ಭವ ಮಾತ್ರ ಮಳೆಯಲ್ಲಿ ನೆನೆಯುತ್ತ ಊರಿನ ಜನರನ್ನು ದಾಟಿಸುತ್ತ ಬಂತು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಟೆ ಕಟ್ಟುವ ವಿಧಾನ ಹೇಳುವಾಗ ಈ ಸಂಕ್ರಮ ಬರುತ್ತದೆ. ಕೋಟೆಬಾಗಿಲ ಮುಂದಿನ ಕಂದಕಕ್ಕೆ ಹಾಕುವ ಸೇತುವೆ ಬೇಕೆಂದಾಗ ತೆಗೆದುಬಿಡುವಂಥದ್ದಾಗಿರಬೇಕು ಎಂಬುದು ಅವನ ಸೂಚನೆ. ಶತ್ರು ಬಂದರೆ ಸಂಕ ಎತ್ತಿಕೋ, ಒಳಗಿದ್ದವರು ಉಳಿಯುತ್ತಾರೆ. ಎರಡು ಸಾವಿರ ವರ್ಷಗಳಾಚೆಯ ಈ ಯುದ್ಧಬುದ್ಧಿಯೇ ಮುಂದೆ ಜಗತ್ತಿನ ಸರಕಾರಗಳಿಗೆ ರೋಗದ ಮುಂದೆಯೂ ಮೊದಲು ಹೊಳೆದದ್ದು.

ಆದರೆ ವೈದ್ಯರಿಗೆ ಈ ಪದ ಬೇರೆ ದಾರಿಯಲ್ಲಿ ಸಿಕ್ಕಿತ್ತು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಕುಷ್ಠದ ಅಧ್ಯಾಯ ಮುಗಿಯುವಲ್ಲಿ, ಕೆಲವು ರೋಗಗಳು ಮನುಷ್ಯನಿಂದ ಮನುಷ್ಯನಿಗೆ ‘ಸಂಕ್ರಾಮಂತಿ’ ಎಂಬ ಮಾತಿದೆ. ದಾಟುತ್ತವೆ, ಹಾಯುತ್ತವೆ. ಯಾವ ಯಾವ ದಾರಿಯಲ್ಲಿ ಎಂಬುದನ್ನೂ ಅಲ್ಲಿ ಎಣಿಸಲಾಗಿದೆ: ಮೈಗೆ ಮೈ ತಾಗಿ, ಉಸಿರಿನಿಂದ, ಒಟ್ಟಿಗೆ ಉಂಡು, ಒಂದೇ ಹಾಸಿಗೆ ಆಸನ ಬಳಸಿ, ಇನ್ನೊಬ್ಬರ ಬಟ್ಟೆ ಹೂಮಾಲೆ ಲೇಪಗಳಿಂದ. ಕುಷ್ಠ, ಜ್ವರ, ಕ್ಷಯದಂಥ ಶೋಷ, ಕಣ್ಣುಬೇನೆ ಇವು ದಾಟುವ ರೋಗಗಳ ಪಟ್ಟಿಯಲ್ಲಿವೆ. ಸೂಕ್ಷ್ಮಾಣು ಎಂಬ ಕಲ್ಪನೆ ಇಲ್ಲದ ಕಾಲದಲ್ಲಿ ಒಬ್ಬ ವೈದ್ಯ ರೋಗ ನಡೆದು ಹೋಗುವ ಸಂಕಗಳನ್ನು ಒಂದೊಂದಾಗಿ ಗುರುತಿಸಿಟ್ಟ. ಇಂಥ ರೋಗಗಳಿಗೆ ಅಲ್ಲಿ ಬಳಸಿದ ಹೆಸರು ‘ಔಪಸರ್ಗಿಕ’. ಉಪಸರ್ಗ ಎಂದರೆ ಬಂದು ಹತ್ತಿಕೊಳ್ಳುವುದು. ವ್ಯಾಕರಣ ಓದಿದವರಿಗೆ ಗೊತ್ತು, ‘ಸಂಕ್ರಮ’ದ ತಲೆಗೆ ಹತ್ತಿಕೊಂಡ ‘ಸಂ’ ಕೂಡ ಒಂದು ಉಪಸರ್ಗವೇ. ಪದಕ್ಕೂ ಮೈಗೂ ಹೊರಗಿನಿಂದ ಬಂದು ಸೇರುವುದಕ್ಕೆ ಹಿಂದಿನವರು ಒಂದೇ ಹೆಸರಿಟ್ಟಿದ್ದರು.

ಸಂಕ್ರಮ ಕನ್ನಡದಲ್ಲಿ ಬೆಳೆದದ್ದು ಬಹುಪಾಲು ಶುಭದ ಮನೆಯಲ್ಲಿ. ಸೂರ್ಯ ರಾಶಿಯಿಂದ ರಾಶಿಗೆ ದಾಟುವುದು ಸಂಕ್ರಾಂತಿ. ಕರಾವಳಿಯ ನಮಗೆ ಅದು ಎಳ್ಳುಬೆಲ್ಲದ ಒಂದು ದಿನ ಮಾತ್ರವಲ್ಲ. ಸೌರಮಾನದ ಲೆಕ್ಕದಲ್ಲಿ ತಿಂಗಳಿಗೊಂದು ಸಂಕ್ರಾಂತಿ ಬರುತ್ತದೆ. ಹಳೆಯದು ಹೊಸದಾಗುವ ಹೊತ್ತು ಸಂಕ್ರಮಣ ಕಾಲ. 1964ರಲ್ಲಿ ಧಾರವಾಡದಲ್ಲಿ ಚಂದ್ರಶೇಖರ ಪಾಟೀಲ, ಸಿದ್ಧಲಿಂಗ ಪಟ್ಟಣಶೆಟ್ಟಿ, ಗಿರಡ್ಡಿ ಗೋವಿಂದರಾಜ ಸೇರಿ ತಮ್ಮ ಸಾಹಿತ್ಯ ಪತ್ರಿಕೆಗೆ ‘ಸಂಕ್ರಮಣ’ ಎಂದು ಹೆಸರಿಟ್ಟಾಗ ಯಾರಿಗೂ ರೋಗ ನೆನಪಾಗಿರಲಾರದು. ಅದೇ ಪದಕ್ಕೆ ‘ಇಕ’ ಪ್ರತ್ಯಯ ಸೇರಿ, ಮೊದಲ ಸ್ವರ ಹಿಗ್ಗಿ ‘ಸಾಂಕ್ರಾಮಿಕ’ ಎಂದಾದಾಗ ಮಾತ್ರ ಮುಖದ ಮೇಲೆ ಬಟ್ಟೆ ಕಟ್ಟಿಕೊಳ್ಳುವಂಥ ಭಯ ಬರುತ್ತದೆ.

ಊರವರಿಗೆ ಈ ಗ್ರಂಥಪದದ ಹಂಗಿರಲಿಲ್ಲ. ನಮ್ಮಲ್ಲಿ ಕಾಯಿಲೆ ಎಂದರೆ ‘ಸೀಕು’. ಸಿಡುಬು ಎಂದರೆ ‘ಅಮ್ಮ’. ಊರಿಗೆ ಊರೇ ಮಲಗಿದರೆ ‘ಮಾರಿ’. ಸಿಡಿಲಿಗೆ ಇದ್ದ ‘ಪಿಡುಗು’ ಎಂಬ ಹೆಸರನ್ನು ಕನ್ನಡವು ಮೇಲಿಂದ ಎರಗುವ ರೋಗಕ್ಕೆ ಕೊಟ್ಟಿತು. ತೆಲುಗಿನಲ್ಲಿ ಅದು ಇಂದಿಗೂ ಸಿಡಿಲೇ. ಮಾರಿ ಬಂದಾಗ ಕರಾವಳಿ ಮತ್ತು ಮಲೆನಾಡಿನ ಹಳ್ಳಿಗಳು ಮಾಡುತ್ತಿದ್ದುದು ಒಂದು ದಾಟಿಸುವ ಕೆಲಸ. ಮಾರಿಗೆ ಪೂಜೆ ಸಲ್ಲಿಸಿ, ಹೊತ್ತು, ಊರಿನ ಗಡಿ ಹಾಯಿಸಿ ಬರುವುದು. ಗಡಿಯಾಚೆಯ ಊರೂ ಮುಂದಿನ ಗಡಿಗೆ ಒಯ್ದು ಬಿಡುತ್ತಿತ್ತು. ಹೆದರಿದ ಮನುಷ್ಯರು ಮಾಡಬಹುದಾದದ್ದು ಅಷ್ಟೇ ಆಗಿತ್ತು, ಅವರನ್ನು ದೂರುವುದು ತಪ್ಪು. ಆದರೆ ಯೋಚಿಸಿ: ಕೋಟೆಯವನು ಸಂಕ ಎತ್ತಿಕೊಳ್ಳುತ್ತಾನೆ, ಊರಿನವನು ಸಂಕ ದಾಟಿಸಿ ಕಳಿಸುತ್ತಾನೆ. ಬಂದ ರೋಗಿಯನ್ನು ಆಚೆಗೂ ಕಳಿಸದೆ, ಬಾಗಿಲೂ ಹಾಕದೆ, “ಇಲ್ಲಿಯೇ ಮಲಗು, ನಾವು ನೋಡಿಕೊಳ್ಳುತ್ತೇವೆ” ಎನ್ನುವ ಮೂರನೆಯ ಜಾಗವೊಂದು ಬೇಕಿತ್ತು. ಸಾಂಕ್ರಾಮಿಕ ರೋಗಗಳ ಸಾರ್ವಜನಿಕ ಆಸ್ಪತ್ರೆ ಎಂಬುದು ಆ ಮೂರನೆಯ ಜಾಗ.

ಉಪ್ಪುಂದದವರಿಗೆ ಅಂಥ ಆಸ್ಪತ್ರೆಯ ಕಥೆ ಮುಂಬಯಿಯಿಂದ ಶುರುವಾಗುವುದೇ ಸಹಜ. ಕುಂದಾಪುರ, ಬೈಂದೂರು ಸೀಮೆಯ ಎಷ್ಟೋ ಮನೆಗಳ ಒಂದು ಕಾಲು ಊರಿನ ಗದ್ದೆಯಲ್ಲಿದ್ದರೆ ಇನ್ನೊಂದು ಮುಂಬಯಿಯ ಹೋಟೆಲಿನ ಅಡುಗೆಮನೆಯಲ್ಲಿ. ಆ ನಗರದ ಚಿಂಚ್‌ಪೋಕ್ಲಿಯಲ್ಲಿ, ಬಟ್ಟೆಗಿರಣಿಗಳ ನಡುವೆ, ಆರ್ಥರ್ ರೋಡಿನಲ್ಲಿ 1892ರಲ್ಲಿ ನಗರಸಭೆಯ ಸಾಂಕ್ರಾಮಿಕ ರೋಗಗಳ ಆಸ್ಪತ್ರೆ ಶುರುವಾಯಿತು. ನಾಲ್ಕೇ ವರ್ಷಕ್ಕೆ ಅದರ ಪರೀಕ್ಷೆ ಬಂತು. 1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯ ಧಾನ್ಯದ ಉಗ್ರಾಣಗಳ ಓಣಿಯಲ್ಲಿ ಡಾ. ಅಕಾಸಿಯೊ ವೀಗಸ್ ಪ್ಲೇಗನ್ನು ಗುರುತಿಸಿದರು. ರೋಗಿಗಳನ್ನು ಬಲವಂತವಾಗಿ ಆರ್ಥರ್ ರೋಡಿಗೆ ಸಾಗಿಸಲಾಯಿತು. ಒಳಗೆ ಹೋದವರು ಹೆಣವಾಗಿ ಬರುತ್ತಾರೆ, ಅಲ್ಲಿ ಕೊಲ್ಲುತ್ತಾರೆ ಎಂಬ ಸುದ್ದಿ ಗಿರಣಿಗಳಲ್ಲಿ ಹಬ್ಬಿತು. ಅಕ್ಟೋಬರ್ 29ರಂದು ಸುಮಾರು ಸಾವಿರ ಗಿರಣಿ ಕಾರ್ಮಿಕರು ಆಸ್ಪತ್ರೆಯ ಮೇಲೆ ನುಗ್ಗಿದರು. ರೋಗಕ್ಕಿಂತ ಆಸ್ಪತ್ರೆಗೆ ಜನ ಹೆಚ್ಚು ಹೆದರಿದ್ದರು. ಮನೆಯವರ ಕೈಯಿಂದ ರೋಗಿಯನ್ನು ಕಿತ್ತುಕೊಂಡ ಆಡಳಿತ, ಅವನತ್ತ ಹೋಗುವ ಸಂಕವನ್ನೂ ಎತ್ತಿಬಿಟ್ಟಿತ್ತು.

1897ರ ಫೆಬ್ರವರಿಯಲ್ಲಿ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆ ಈ ಎತ್ತುವ ಕೆಲಸಕ್ಕೆ ಕಾನೂನಿನ ಬಲ ಕೊಟ್ಟಿತು. ಮನೆ ಶೋಧನೆ, ರೈಲಿನಲ್ಲಿ ತಪಾಸಣೆ, ಬೇರ್ಪಡಿಸುವ ಶಿಬಿರ ಎಲ್ಲವೂ ನಡೆದವು. ಪ್ಲೇಗು ಮಾತ್ರ ನಿಲ್ಲಲಿಲ್ಲ. 1898ರಲ್ಲಿ ಕರಾಚಿಯಲ್ಲಿ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂ ಇಲಿಯ ಮೈಮೇಲಿನ ಚಿಗಟದಿಂದ ಅದು ಹರಡುತ್ತದೆ ಎಂದು ತೋರಿಸಿದ ಮೇಲೆ ಗುಟ್ಟು ಬಯಲಾಯಿತು. ಸರಕಾರ ಕಡಿದದ್ದು ಮನುಷ್ಯ ಮನುಷ್ಯರ ನಡುವಿನ ಸಂಕ. ರೋಗ ದಾಟುತ್ತಿದ್ದುದು ಉಗ್ರಾಣದ ಇಲಿಯ ಸಂಕದಲ್ಲಿ. ಸಾಂಕ್ರಾಮಿಕ ರೋಗದ ವೈದ್ಯ ಮಾಡುವ ಮೊದಲ ಕೆಲಸ ಸರಿಯಾದ ಸಂಕ ಯಾವುದೆಂದು ಹುಡುಕುವುದು. ಕಾಲರಾಕ್ಕೆ ಅದು ನೀರು, ಮಲೇರಿಯಾಕ್ಕೆ ಸೊಳ್ಳೆ, ನಮ್ಮ ಘಟ್ಟದ ಮಂಗನ ಕಾಯಿಲೆಗೆ ಕಾಡಿನ ಉಣ್ಣೆ. ತಪ್ಪು ಸಂಕ ಕಡಿದರೆ ರೋಗ ಉಳಿಯುತ್ತದೆ, ನಂಟು ಹೋಗುತ್ತದೆ.

ಅದೇ 1897ರಲ್ಲಿ ಪುಣೆಯ ಹೊರವಲಯದಲ್ಲಿ ನಡೆದ ಒಂದು ಘಟನೆಯನ್ನು ಈ ಪದದ ಚರಿತ್ರೆಯಿಂದ ಬಿಡಲು ನನಗೆ ಮನಸ್ಸಿಲ್ಲ. ಸಾವಿತ್ರಿಬಾಯಿ ಫುಲೆ ಮತ್ತು ಅವರ ದತ್ತುಮಗ ಡಾ. ಯಶವಂತ ಪ್ಲೇಗಿನವರಿಗಾಗಿ ಚಿಕಿತ್ಸಾಲಯ ತೆರೆದಿದ್ದರು. ಸಮಾಜ ಮುಟ್ಟದ ಕೇರಿಯ ಒಬ್ಬ ಹುಡುಗನಿಗೆ ಪ್ಲೇಗು ತಗಲಿದಾಗ ಸಾವಿತ್ರಿಬಾಯಿ ಅವನನ್ನು ತಮ್ಮ ಬೆನ್ನ ಮೇಲೆ ಹೊತ್ತು ತಂದರು. ಅವರಿಗೂ ರೋಗ ತಗಲಿತು. ಮಾರ್ಚ್ 10ರಂದು ತೀರಿಕೊಂಡರು. ರೋಗ ದಾಟುವ ಸಂಕವೇ ಮಮತೆ ದಾಟುವ ಸಂಕವೂ ಹೌದು, ಒಂದನ್ನು ಒಪ್ಪದೆ ಇನ್ನೊಂದಿಲ್ಲ ಎಂಬುದನ್ನು ಆ ಬೆನ್ನು ಬಲ್ಲುದಾಗಿತ್ತು.

ಆರ್ಥರ್ ರೋಡ್ ಆಸ್ಪತ್ರೆ ಮುಂದೆ ಕಸ್ತೂರ್ಬಾ ಆಸ್ಪತ್ರೆ ಎಂಬ ಹೆಸರು ಪಡೆಯಿತು. ರಸ್ತೆಗೂ ಸಾನೆ ಗುರೂಜಿಯವರ ಹೆಸರು ಬಂತು. ಒಮ್ಮೆ ಕಲ್ಲೆಸೆತ ಕಂಡ ಆ ಆಸ್ಪತ್ರೆಯೇ 2020ರ ಮಾರ್ಚಿನಲ್ಲಿ ಮುಂಬಯಿಯ ಮೊದಲ ಕೋವಿಡ್ ರೋಗಿಗಳನ್ನು ಒಳಗೆ ತೆಗೆದುಕೊಂಡಿತು. ನಮ್ಮೂರಿನವರಿಗೆ ‘ಕಸ್ತೂರ್ಬಾ’ ಎಂದರೆ ಮೊದಲು ಮಣಿಪಾಲದ ಆಸ್ಪತ್ರೆ. ಮುಂಬಯಿಯಲ್ಲಿ ಬದುಕು ಸವೆಸಿದ ನಮ್ಮವರಿಗೆ ಇನ್ನೊಂದು ಕಸ್ತೂರ್ಬಾ ಕೂಡ ಗೊತ್ತು.

ಪ್ಲೇಗು ರೈಲು ಹಿಡಿದು ಕನ್ನಡನಾಡಿಗೂ ಬಂತು. ಹುಬ್ಬಳ್ಳಿ ಧಾರವಾಡ ದಾಟಿ 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಇಳಿಯಿತು. ಕಿಷ್ಕಿಂಧೆಯಂಥ ಪೇಟೆಯಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರದ ಅಗಲ ರಸ್ತೆಗಳು ಹುಟ್ಟಿದ್ದು ಆ ದಿನಗಳಲ್ಲಿ. ನಮ್ಮ ಕರಾವಳಿಯಲ್ಲಿ ಮಂಗಳೂರಿನ ಕಂಕನಾಡಿಯಲ್ಲಿದ್ದ ಜರ್ಮನ್ ಪಾದ್ರಿ ಅಗಸ್ಟಸ್ ಮುಲ್ಲರ್ ಮರದ ಕೆಳಗೆ ಹೋಮಿಯೋಪತಿ ಗುಳಿಗೆ ಕೊಡುತ್ತ 1880ರಲ್ಲಿ ಶುರುಮಾಡಿದ ಕೆಲಸ 1890ಕ್ಕೆ ಕುಷ್ಠರೋಗಿಗಳ ಆಶ್ರಯವಾಗಿ, 1902ಕ್ಕೆ ಪ್ಲೇಗಿನವರ ಆಸ್ಪತ್ರೆಯಾಗಿ ಬೆಳೆಯಿತು. ಊರು ಹೊರಗಿಟ್ಟವರನ್ನು ಒಳಗೆ ಕರೆದ ಮನೆ ಅದು.

ಇಲ್ಲಿ ಫಲಕದ ಉಳಿದೆರಡು ಪದಗಳನ್ನೂ ಓದಿಬಿಡೋಣ. ‘ರೋಗ’ದ ಮೂಲ ‘ರುಜ್’, ಮುರಿ ಎಂದು ಅರ್ಥ. ‘ಆಸ್ಪತ್ರೆ’ ಹಡಗು ಹತ್ತಿ ಬಂದದ್ದು. ಲ್ಯಾಟಿನ್ನಿನಲ್ಲಿ ಅತಿಥಿಗೂ ಆತಿಥೇಯನಿಗೂ ಇದ್ದ ‘ಹೊಸ್ಪೆಸ್’ ಎಂಬ ಪದದಿಂದ ಹುಟ್ಟಿ, ಯುರೋಪಿನ ವರ್ತಕರ ಬಾಯಲ್ಲಿ ನಮ್ಮ ಬಂದರಿಗೆ ಇಳಿದು, ಕನ್ನಡದ ಕಿವಿಗೆ ‘ಪತ್ರೆ’ಯಂತೆ ಹಸುರಾಗಿ ಕೇಳಿ ನಮ್ಮದಾಯಿತು. ಕುಂದಾಪುರದ ಬಾಯಲ್ಲಿ ಅದು ‘ಆಸ್ಪತ್ರಿ’. ಸಂಕ, ಮುರಿತ, ನೆಂಟ. ‘ಸಾಂಕ್ರಾಮಿಕ ರೋಗಗಳ ಆಸ್ಪತ್ರೆ’ ಎಂಬ ಮೂರು ಪದಗಳ ಫಲಕವನ್ನು ಬೇರಿನಿಂದ ಓದಿದರೆ, ಮುರಿದುಕೊಂಡು ಸಂಕ ದಾಟಿ ಬಂದವನನ್ನು ನೆಂಟನಂತೆ ಕಾಣುವ ಮನೆ ಎಂದಾಗುತ್ತದೆ. ಫಲಕ ಬರೆದವರು ಇದನ್ನು ಎಣಿಸಿರಲಿಕ್ಕಿಲ್ಲ, ಭಾಷೆ ಎಣಿಸಿತ್ತು.

ಸಾಂಕ್ರಾಮಿಕದ ಜೊತೆಯಲ್ಲೇ ನಡೆಯುವ ಅಚ್ಚಗನ್ನಡದ ಪದ ‘ಸೋಂಕು’. ಹಳಗನ್ನಡದಲ್ಲಿ ಅದು ಬರಿಯ ಸ್ಪರ್ಶ. ಘಟ್ಟದಾಚೆಯ ಬನವಾಸಿಯನ್ನು ನೆನೆದು ಪಂಪ 941ರ ಕಾವ್ಯದಲ್ಲಿ ಬರೆದ ಹೆಸರಾಂತ ಪದ್ಯದಲ್ಲಿ ತೆಂಕಣ ಗಾಳಿಯ ಸ್ಪರ್ಶಕ್ಕೆ ಆರಿಸಿಕೊಂಡ ಕ್ರಿಯಾಪದ ಇದೇ. ಶರಣರ ಮಾತಿನಲ್ಲಿ ಅಂಗಸೋಂಕು ಲಿಂಗದ ಸ್ಪರ್ಶವಾಯಿತು. ಜನಪದರಲ್ಲಿ ದೆವ್ವದ ಗಾಳಿ ತಾಗುವುದೂ ಸೋಂಕೇ. ಹಾಗೆ ತವರಿನ ನೆನಪು ತರುವ ಗಾಳಿಯಿಂದ ಹೊರಟ ಪದ 2020ರಲ್ಲಿ ದಿನವೂ ಸಂಜೆಯ ಸರಕಾರಿ ಪ್ರಕಟಣೆಗೆ ಬಂದು ನಿಂತಿತು. ಕನ್ನಡದ ಸೋಂಕಿಗೆ ಸಂಸ್ಕೃತದ ‘ಇತ’ ಅಂಟಿ ‘ಸೋಂಕಿತ’ ಮನೆಮಾತಾಯಿತು. ಮುಟ್ಟಿಸಿಕೊಂಡವನು ಎಂಬುದು ಅದರ ಅಕ್ಷರಾರ್ಥ. ಆದರೆ ಆ ದಿನಗಳಲ್ಲಿ ಯಾರೂ ಮುಟ್ಟಬಾರದವನು ಎಂಬ ಅರ್ಥದಲ್ಲಿ ಅದು ಕೇಳಿಸಿತು.

ಉಪ್ಪುಂದದಿಂದ ಬಡಗಣಕ್ಕೆ ಬೈಂದೂರು, ಅದರಾಚೆ ಶಿರೂರು. ಶಿರೂರು ಹಳೆಯ ಗಡಿ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಆಧಿಪತ್ಯಕ್ಕೆ ಹೋದಾಗ ಕುಂದಾಪುರ ಸೀಮೆ ಮದ್ರಾಸಿನಲ್ಲೇ ಉಳಿಯಿತು, ಎರಡು ಆಡಳಿತಗಳ ಗೆರೆ ಇಲ್ಲೇ ಹಾಯಿತು. 2020ರ ಮೇ ತಿಂಗಳಲ್ಲಿ ಅದೇ ಶಿರೂರಿನ ತಪಾಸಣಾ ಠಾಣೆಯಲ್ಲಿ ಮುಂಬಯಿಯಿಂದ ಬಂದ ವಾಹನಗಳು ಸಾಲುಗಟ್ಟಿದವು. ಹೋಟೆಲು ಮುಚ್ಚಿ, ಬಾಡಿಗೆ ಕೊಡಲಾಗದೆ, ಮಕ್ಕಳನ್ನು ಕಟ್ಟಿಕೊಂಡು ಬಂದವರು ಹೊರಗಿನವರಲ್ಲ. ನಮ್ಮ ಅಣ್ಣಂದಿರು, ಅಕ್ಕಂದಿರು. ಅವರ ಹಣದಿಂದ ಕಟ್ಟಿದ ಮನೆ, ಅವರು ಹೊರೆಕಾಣಿಕೆ ಕೊಟ್ಟ ದೇವಸ್ಥಾನ ಊರ ತುಂಬ ಇದ್ದವು. ಶಾಲೆ, ವಸತಿನಿಲಯ, ವಸತಿಗೃಹಗಳು ಕ್ವಾರಂಟೈನ್ ಕೇಂದ್ರಗಳಾದವು. ಜೂನ್ ಮೊದಲ ವಾರಕ್ಕೆ ರಾಜ್ಯದಲ್ಲೇ ಅತಿ ಹೆಚ್ಚು ಸೋಂಕಿತರಿರುವ ಜಿಲ್ಲೆ ಉಡುಪಿಯಾಯಿತು. ‘ಮುಂಬಯಿಯವರು’ ಎಂಬ ಪದ ಒಂದೇ ತಿಂಗಳಲ್ಲಿ ಗೌರವದಿಂದ ಗುಮಾನಿಗೆ ದಾಟಿತು. ಪದಗಳಿಗೂ ರೋಗ ಹತ್ತುತ್ತದೆ ಎಂದು ನನಗೆ ಅರಿವಾದದ್ದು ಆಗಲೇ.

ಆ ತಿಂಗಳುಗಳಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದವರು ಮೂರನೆಯ ಜಾಗದಲ್ಲಿದ್ದವರು. ಉಡುಪಿಯ ಡಾ. ಟಿ.ಎಂ.ಎ. ಪೈ ಆಸ್ಪತ್ರೆ ಏಪ್ರಿಲ್ ಹೊತ್ತಿಗೆ ಪೂರ್ತಿಯಾಗಿ ಕೋವಿಡ್‌ಗೆ ಮೀಸಲಾಯಿತು. ಕುಂದಾಪುರದ ತಾಲ್ಲೂಕು ಆಸ್ಪತ್ರೆಯಲ್ಲಿ ಹಾಸಿಗೆಗಳು ಸಿದ್ಧವಾದವು. ಆಶಾ ಕಾರ್ಯಕರ್ತೆಯರು ಮಳೆಯಲ್ಲಿ ಕೊಡೆ ಹಿಡಿದು ಮನೆಮನೆಗೆ ನಡೆದರು, ಎಷ್ಟೋ ಕಡೆ ಕಾಲುಸಂಕಗಳ ಮೇಲೆಯೇ. ಅದಕ್ಕೂ ಒಂದು ವರ್ಷ ಮೊದಲು ಸಾಗರದ ಅರಲಗೋಡಿನಲ್ಲಿ ಮಂಗನ ಕಾಯಿಲೆ ಕೆರಳಿದಾಗ ರೋಗಿಗಳು ಘಟ್ಟ ಇಳಿದು ಮಣಿಪಾಲಕ್ಕೆ ಬಂದಿದ್ದರು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ, ನಮ್ಮ ನೆಲದ ಹೆಸರನ್ನೇ ಹೊತ್ತ ರೋಗ ಅದು. ಅರಲಗೋಡಿನವರು ಬಂದಾಗ ಯಾರೂ ಘಟ್ಟದ ದಾರಿ ಮುಚ್ಚಲಿಲ್ಲ.

ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ದೊಡ್ಡ ಕಷ್ಟವೆಂದರೆ ರೋಗ ಇಲ್ಲದ ವರ್ಷಗಳು. ಪಿಡುಗು ಬಂದಾಗ ಅದನ್ನು ನೆನೆಯುತ್ತೇವೆ, ಹೋದಾಗ ಮರೆಯುತ್ತೇವೆ. ಖಾಲಿ ಹಾಸಿಗೆಗಳನ್ನು ಕಂಡು ಇದು ಯಾಕೆ ಬೇಕು ಎನ್ನುತ್ತೇವೆ. ನಮ್ಮ ಊರಿನ ಸಂಕಕ್ಕೂ ಇದೇ ಪಾಡು. ಬೇಸಿಗೆಯಲ್ಲಿ ಬತ್ತಿದ ತೋಡಿನ ಮೇಲೆ ಅದು ಯಾರಿಗೂ ಬೇಡದ ಬೊಡ್ಡೆಯಾಗಿ ಬಿದ್ದಿರುತ್ತದೆ. ಬಿಸಿಲಿಗೆ ಸೀಳು ಬಿಡುತ್ತದೆ, ಗೆದ್ದಲು ಹತ್ತುತ್ತದೆ. ಮಳೆ ಬಂದ ದಿನ ಅದರ ಮೇಲೆ ಮೊದಲು ಕಾಲಿಡುವುದು ಶಾಲೆಗೆ ಹೊರಟ ಮಗು. ಹಾಗಾಗಿ ಊರಿನ ತಿಳಿದವರು ಮುಂಗಾರಿಗೆ ಮೊದಲೇ ಹೋಗಿ ಸಂಕದ ನಡುವೆ ನಿಂತು, ತಮ್ಮ ಪೂರ್ತಿ ಭಾರ ಹಾಕಿ ಒತ್ತಿ ನೋಡುತ್ತಾರೆ. ಕುಂಬಾದದ್ದನ್ನು ತೆಗೆದು ಹೊಸ ಮರ ಹಾಕುತ್ತಾರೆ. ಬಿದಿರಿನ ಕೈಯಾಸರೆಯನ್ನು ಬಿಗಿದು ಕಟ್ಟುತ್ತಾರೆ, ಸಣ್ಣವರ ಕೈಗೂ ಎಟಕುವ ಎತ್ತರದಲ್ಲಿ.